ಕಳೆದ ಪ್ಯಾಕೆಟ್ಟನ್ನು ಮತ್ತೆ ಕೇಳದೆ ಪಡೆಯುವುದು: ಲೈವ್ ವಿಡಿಯೋಗೆ ಎಫ್‌ಇಸಿ ಹೊಂದಿಸುವ ಬಗೆ

ಲೈವ್ ವಿಡಿಯೋ ನೋಡುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಮಾತಾಡುತ್ತಿದ್ದವರ ಅರ್ಧ ಮುಖ ಹಿಂದಿನ ದೃಶ್ಯದಲ್ಲೇ ಉಳಿದಿರುತ್ತದೆ, ಇನ್ನರ್ಧ ಮುಂದೆ ಸಾಗಿರುತ್ತದೆ. ಒಂದೆರಡು ಸೆಕೆಂಡ್ ಕಳೆದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಇದನ್ನು ಎಲ್ಲರೂ ನೋಡಿರುತ್ತೇವೆ ಅಲ್ವಾ? ಎಷ್ಟೋ ಸಲ ಅಲ್ಲಿ ಕಳೆದುಹೋಗಿರುವುದು ಒಂದೇ ಒಂದು ಪ್ಯಾಕೆಟ್. ಬರೀ 1,316 ಬೈಟ್‌ಗಳ ತುಂಡು.

ಅಷ್ಟು ಸಣ್ಣ ತುಂಡು ಹೋದರೆ ಇಷ್ಟೆಲ್ಲ ಹಾಳಾಗುವುದು ಏಕೆ? ವಿಡಿಯೋವನ್ನು ಕುಗ್ಗಿಸಿ ಕಳಿಸುವಾಗ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಹೋಗುವುದಿಲ್ಲ. ಮೊದಲು ಒಂದು ಪೂರ್ತಿ ಚಿತ್ರ ಹೋಗುತ್ತದೆ. ಅದೇ ಕೀಫ್ರೇಮ್. ಆಮೇಲಿನ ಫ್ರೇಮ್‌ಗಳಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಹಾಗಾಗಿ ಒಂದು ಫ್ರೇಮಿಗೆ ಆದ ಗಾಯ ಅದರ ಬೆನ್ನಿಗೆ ಬರುವ ಫ್ರೇಮ್‌ಗಳಿಗೆಲ್ಲ ಹರಡುತ್ತದೆ. ಸೆಕೆಂಡಿಗೆ 25 ಫ್ರೇಮ್, 2 ಸೆಕೆಂಡಿಗೊಂದು ಕೀಫ್ರೇಮ್ ಅಂತ ಇಟ್ಟುಕೊಂಡರೆ, ಒಂದು ಪ್ಯಾಕೆಟ್ಟಿನ ನಷ್ಟ ಸುಮಾರು 50 ಫ್ರೇಮ್‌ಗಳವರೆಗೆ ಕಾಣಿಸಬಹುದು.

ಈ ಗಾಯವನ್ನು ನೋಡುಗರ ಕಣ್ಣಿಗೆ ಬೀಳುವ ಮೊದಲೇ ಮುಚ್ಚುವ ಒಂದು ಉಪಾಯಕ್ಕೆ ಫಾರ್ವರ್ಡ್ ಎರರ್ ಕರೆಕ್ಷನ್ ಎಂದು ಹೆಸರು. ಚಿಕ್ಕದಾಗಿ ಎಫ್‌ಇಸಿ. ಅದನ್ನು ಆನ್ ಮಾಡುವುದು ಸುಲಭ. ಸರಿಯಾಗಿ ಹೊಂದಿಸುವುದು ಸ್ವಲ್ಪ ಕಷ್ಟ. ಏಕೆಂದರೆ ತಪ್ಪಾಗಿ ಹೊಂದಿಸಿದ ಎಫ್‌ಇಸಿ ಕೆಲಸ ಮಾಡುತ್ತಿರುವ ಹಾಗೆಯೇ ಕಾಣುತ್ತದೆ. ಬ್ಯಾಂಡ್‌ವಿಡ್ತ್ ತಿನ್ನುತ್ತದೆ, ಆದರೆ ಒಂದು ಪ್ಯಾಕೆಟ್ಟನ್ನೂ ಉಳಿಸಿಕೊಡುವುದಿಲ್ಲ.

ಮೊದಲೇ ಒಂದು ಮಾತು. ಇದು ಎಲ್ಲರಿಗೂ ಬೇಕಾದದ್ದಲ್ಲ. ಎಚ್‌ಎಲ್‌ಎಸ್, ಡ್ಯಾಶ್ ಥರದ ರೀತಿಯಲ್ಲಿ ಎಚ್‌ಟಿಟಿಪಿ ಮೂಲಕ ವಿಡಿಯೋ ಕೊಡುವುದಾದರೆ, ಕಳೆದುಹೋದದ್ದನ್ನು ಮತ್ತೆ ತರಿಸುವ ಕೆಲಸವನ್ನು ಕೆಳಗಿನ ಪದರವೇ ನೋಡಿಕೊಳ್ಳುತ್ತದೆ. ಅಲ್ಲಿ ಹತ್ತಾರು ಸೆಕೆಂಡ್ ತಡವಾದರೂ ನಡೆಯುತ್ತದೆ. ಎಫ್‌ಇಸಿ ಬೇಕಾಗುವುದು ತಡ ಆಗಬಾರದ ಕಡೆ, ಕಳೆದದ್ದನ್ನು ತಾನಾಗಿ ಮತ್ತೆ ಕಳಿಸದ ಯುಡಿಪಿ ಎಂಬ ಸಾಗಣೆ ವಿಧಾನದ ಮೇಲೆ ಓಡುವ ವಿಡಿಯೋಗೆ. ಹೊರಗಡೆ ಇರುವ ಕ್ಯಾಮೆರಾದಿಂದ ಸ್ಟುಡಿಯೋಗೆ ಬರುವ ಲೈವ್ ಫೀಡ್, ವಿಡಿಯೋ ಕರೆ, ಡ್ರೋನ್ ಕಳಿಸುವ ಚಿತ್ರ, ಒಂದೇ ಸ್ಟ್ರೀಮ್ ಹಲವರಿಗೆ ಒಟ್ಟಿಗೆ ತಲುಪುವ ಮಲ್ಟಿಕಾಸ್ಟ್‌ನಲ್ಲಿ ಹೋಗುವ ಐಪಿಟಿವಿ, ಇವೆಲ್ಲ ಆ ಗುಂಪಿನವು.

ಮೂರು ಅಂಕಿ, ಒಂದು ಮೊತ್ತ

ಎಫ್‌ಇಸಿಯ ತಿರುಳು ಒಂದು ಕೂಡುವ ಲೆಕ್ಕ. ನಾನು ನಿಮಗೆ 7, 4, 9 ಎಂಬ ಮೂರು ಅಂಕಿ ಕಳಿಸಬೇಕು. ದಾರಿಯಲ್ಲಿ ಒಂದು ಕಳೆಯಬಹುದು ಎಂಬ ಭಯ ಇದೆ. ಹಾಗಾಗಿ ನಾಲ್ಕನೆಯದಾಗಿ ಮೊತ್ತವನ್ನೂ ಕಳಿಸುತ್ತೇನೆ: 20. ನಿಮಗೆ 7, 9, 20 ಮಾತ್ರ ಸಿಕ್ಕಿತು ಅಂತ ಇಟ್ಟುಕೊಳ್ಳಿ. ನೀವು ನನ್ನನ್ನು ಏನೂ ಕೇಳಬೇಕಾಗಿಲ್ಲ. 20ರಲ್ಲಿ 16 ಕಳೆದರೆ 4 ಸಿಕ್ಕಿತು. ಮೂರರಲ್ಲಿ ಯಾವುದು ಕಳೆದಿದ್ದರೂ ಇದೇ ಲೆಕ್ಕ ನಡೆಯುತ್ತದೆ. ಆದರೆ ಎರಡು ಕಳೆದರೆ ನಡೆಯುವುದಿಲ್ಲ.

ನಿಜವಾದ ಪ್ಯಾಕೆಟ್‌ಗಳಲ್ಲಿ ಕೂಡುವುದರ ಬದಲು ಎಕ್ಸಾರ್ ಮಾಡುತ್ತಾರೆ. ಎಲ್ಲ ಪ್ಯಾಕೆಟ್‌ಗಳ ಮೊದಲ ಬಿಟ್ ನೋಡುವುದು. 1ಗಳ ಸಂಖ್ಯೆ ಬೆಸವಾಗಿದ್ದರೆ 1, ಸಮವಾಗಿದ್ದರೆ 0 ಬರೆಯುವುದು. ಆಮೇಲೆ ಎರಡನೆಯ ಬಿಟ್, ಮೂರನೆಯದು, ಹೀಗೆ ಕೊನೆಯವರೆಗೆ. ಕೂಡಿದರೆ ಅಂಕಿ ದೊಡ್ಡದಾಗುತ್ತದೆ, ಎಕ್ಸಾರ್ ಮಾಡಿದರೆ ಅಳತೆ ಬೆಳೆಯುವುದಿಲ್ಲ. ಹೀಗೆ ಹುಟ್ಟಿದ ಹೆಚ್ಚುವರಿ ಪ್ಯಾಕೆಟ್ಟನ್ನು ರಿಪೇರಿ ಪ್ಯಾಕೆಟ್ ಎನ್ನೋಣ.

ಇಲ್ಲಿ ಒಂದು ಅನುಕೂಲ ತಾನಾಗಿಯೇ ಒದಗಿದೆ. ಕೆಟ್ಟುಹೋದ ಪ್ಯಾಕೆಟ್ ಸಾಮಾನ್ಯವಾಗಿ ನಮ್ಮವರೆಗೆ ಬರುವುದೇ ಇಲ್ಲ. ಒಳಗಿನದು ಸರಿಯಿದೆಯೇ ಎಂದು ನೋಡುವ ಚೆಕ್‌ಸಮ್ ಸಂಖ್ಯೆ ತಾಳೆಯಾಗದಿದ್ದರೆ ಅದನ್ನು ದಾರಿಯಲ್ಲೇ ಎಸೆದುಬಿಡುತ್ತಾರೆ. ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಇರುವುದರಿಂದ 41 ಆದಮೇಲೆ 43 ಬಂದರೆ 42 ಇಲ್ಲ ಅಂತ ಗೊತ್ತಾಗುತ್ತದೆ. ಅಂದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಇಲ್ಲ, ತುಂಬುವ ಕೆಲಸ ಮಾತ್ರ. ಹುಡುಕುವುದೇ ದೊಡ್ಡ ತಲೆನೋವಾಗಿದ್ದ ಕಾಲವೂ ಇತ್ತು. ರಿಚರ್ಡ್ ಹ್ಯಾಮಿಂಗ್ ಬೆಲ್ ಲ್ಯಾಬ್ಸ್‌ನಲ್ಲಿ ವಾರದ ಕೊನೆಗೆ ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ಯಂತ್ರ ಒಂದು ತಪ್ಪು ಕಂಡರೆ ಆ ಲೆಕ್ಕವನ್ನೇ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ತಪ್ಪಾಗಿದೆ ಎಂದು ಯಂತ್ರಕ್ಕೆ ಗೊತ್ತಾಗುವುದಾದರೆ, ಎಲ್ಲಿ ಎಂದೂ ಗೊತ್ತಾಗಿ ಅದೇ ಏಕೆ ತಿದ್ದಿಕೊಳ್ಳಬಾರದು? ಈ ಯೋಚನೆಯಿಂದ 1950ರಲ್ಲಿ ಹ್ಯಾಮಿಂಗ್ ಕೋಡ್ ಬೆಳಕಿಗೆ ಬಂತು. ಹತ್ತು ವರ್ಷದ ನಂತರ, 1960ರಲ್ಲಿ, ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಇನ್ನೂ ಬಲವಾದ ದಾರಿ ತೋರಿಸಿದರು. ಗೀರು ಬಿದ್ದ ಸಿಡಿಯಿಂದ ಹಾಡು ಕೇಳಿಸುವುದು, ಮೂಲೆ ಹರಿದ ಕ್ಯುಆರ್ ಕೋಡನ್ನು ಫೋನ್ ಓದುವುದು, ಎರಡರ ಹಿಂದೆಯೂ ಇರುವುದು ರೀಡ್-ಸಾಲಮನ್ ಕೋಡ್.

ಎಕ್ಸಾರ್‌ಗೂ ರೀಡ್-ಸಾಲಮನ್‌ಗೂ ನಮ್ಮ ಮಟ್ಟಿಗೆ ಇರುವ ವ್ಯತ್ಯಾಸ ಇಷ್ಟು. ಎಕ್ಸಾರ್‌ನಲ್ಲಿ ಒಂದು ಗುಂಪಿಗೆ ಒಂದು ರಿಪೇರಿ ಪ್ಯಾಕೆಟ್, ಅದು ಒಂದು ನಷ್ಟವನ್ನು ತುಂಬುತ್ತದೆ. ರೀಡ್-ಸಾಲಮನ್‌ನಲ್ಲಿ ಒಂದು ಗುಂಪಿಗೆ ಹತ್ತು ರಿಪೇರಿ ಪ್ಯಾಕೆಟ್ ಸೇರಿಸಿದರೆ ಆ ಗುಂಪಿನ ಯಾವ ಹತ್ತು ಕಳೆದರೂ ತುಂಬಬಹುದು. ಯಾವ ಹತ್ತು ಎಂಬುದು ಮುಖ್ಯವೇ ಅಲ್ಲ. ಲೆಕ್ಕ ಮಾತ್ರ ಎಕ್ಸಾರ್‌ಗಿಂತ ಭಾರ. 2011ರಲ್ಲಿ ಇಂಟರ್‌ನೆಟ್ ಮಾನದಂಡವಾದ ರ್‍ಯಾಪ್ಟರ್‌ಕ್ಯು ಹೆಚ್ಚುಕಡಿಮೆ ಅದೇ ಬಲವನ್ನು ಕಡಿಮೆ ಲೆಕ್ಕದಲ್ಲಿ, ತುಂಬ ದೊಡ್ಡ ಗುಂಪುಗಳಿಗೂ ಕೊಡುತ್ತದೆ.

ಮತ್ತೆ ಕೇಳಲು ಸಮಯ ಇದೆಯಾ?

ಎಫ್‌ಇಸಿ ಹೊಂದಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ಕಳೆದದ್ದನ್ನು ಮತ್ತೆ ಕಳಿಸು ಎಂದು ಕೇಳಿ ಪಡೆಯುವುದಕ್ಕೆ ಎಆರ್‌ಕ್ಯು ಎನ್ನುತ್ತಾರೆ. ಅದರ ಖರ್ಚು ತುಂಬ ಕಡಿಮೆ. ನೂರಕ್ಕೆ ಒಂದು ಕಳೆದರೆ ಹೆಚ್ಚುಕಡಿಮೆ ನೂರಕ್ಕೆ ಒಂದನ್ನೇ ಮತ್ತೆ ಕಳಿಸಬೇಕು. ಎಫ್‌ಇಸಿ ಹಾಗಲ್ಲ. ಏನೂ ಕಳೆಯದ ದಿನವೂ ಅದರ ಹೊರೆ ಹೊರಬೇಕು.

ಎರಡು ತುದಿಗಳ ನಡುವೆ ಹೋಗಿಬರುವ ಸಮಯ, ಅಂದರೆ ಆರ್‌ಟಿಟಿ, 20 ಮಿಲಿಸೆಕೆಂಡ್ ಇದೆ ಅಂದುಕೊಳ್ಳಿ. ಪಡೆಯುವ ಕಡೆ 120 ಮಿಲಿಸೆಕೆಂಡಿನ ಬಫರ್ ಇದೆ, ಅಂದರೆ ಬಂದದ್ದನ್ನು ಅಷ್ಟು ಹೊತ್ತು ತಡೆದಿಟ್ಟು ಆಮೇಲೆ ತೋರಿಸುತ್ತಾರೆ. ಆಗ ಒಂದೇ ಪ್ಯಾಕೆಟ್ಟನ್ನು ನಾಲ್ಕೈದು ಸಲ ಕೇಳಲು ಸಮಯ ಸಿಗುತ್ತದೆ. ಅಂಥ ಕಡೆ ಎಫ್‌ಇಸಿ ಹಾಕುವುದು ಸುಮ್ನೆ ಖರ್ಚು. ಆರ್‌ಟಿಟಿ 200 ಮಿಲಿಸೆಕೆಂಡ್ ಇದ್ದು ಬಫರ್ 150 ಮಾತ್ರ ಇದ್ದರೆ, ಕೇಳಿದ್ದು ಕೈಗೆ ಬರುವಷ್ಟರಲ್ಲಿ ಆ ಫ್ರೇಮ್ ತೋರಿಸುವ ಹೊತ್ತು ಮೀರಿರುತ್ತದೆ. ಅಲ್ಲಿ ಎಫ್‌ಇಸಿ ಬೇಕು. ಹಿಂದಿರುಗುವ ದಾರಿಯೇ ಇಲ್ಲದ ಉಪಗ್ರಹ ಪ್ರಸಾರಕ್ಕೂ ಬೇಕು. ಸಾವಿರಾರು ಜನ ಒಂದೇ ಮಲ್ಟಿಕಾಸ್ಟ್ ನೋಡುತ್ತಿದ್ದು, ಎಲ್ಲರೂ ಒಟ್ಟಿಗೆ ಕೇಳಿದರೆ ಕಳಿಸುವವರು ಮುಳುಗಿಹೋಗುತ್ತಾರೆ ಎಂಬಲ್ಲಿಯೂ ಬೇಕು. ಅಲ್ಲಿ ಇನ್ನೊಂದು ಲಾಭವೂ ಇದೆ. ಒಬ್ಬರಿಗೆ ಮೂರನೆಯ ಪ್ಯಾಕೆಟ್, ಇನ್ನೊಬ್ಬರಿಗೆ ಎಂಟನೆಯದು ಕಳೆದಿದ್ದರೂ ಒಂದೇ ರಿಪೇರಿ ಪ್ಯಾಕೆಟ್ ಇಬ್ಬರಿಗೂ ಸಾಕು.

ಒಂದೇ ಶೇಕಡಾ 10, ನಾಲ್ಕು ತಿಂಗಳ ವ್ಯತ್ಯಾಸ

ಎಫ್‌ಇಸಿ ಎಂದರೆ ಜನ ಮೊದಲು ಕೇಳುವುದು "ಎಷ್ಟು ಪರ್ಸೆಂಟ್ ಹಾಕಲಿ?" ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಗುಂಪು ಎಷ್ಟು ದೊಡ್ಡದು ಎಂಬುದು ಮೊದಲನೆಯದು. ಏಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

5 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 50 ಲಕ್ಷ ಬಿಟ್‌ಗಳ ವಿಡಿಯೋ ಇದೆ. ಒಂದು ಪ್ಯಾಕೆಟ್ಟಿನಲ್ಲಿ 188 ಬೈಟ್‌ಗಳ ಏಳು ಟಿಎಸ್ (ಟ್ರಾನ್ಸ್‌ಪೋರ್ಟ್ ಸ್ಟ್ರೀಮ್) ತುಂಡುಗಳು, ಒಟ್ಟು 1,316 ಬೈಟ್. ಸೆಕೆಂಡಿಗೆ ಸುಮಾರು 475 ಪ್ಯಾಕೆಟ್ ಹೋಗುತ್ತವೆ. ದಾರಿಯಲ್ಲಿ ನೂರಕ್ಕೆ ಒಂದು, ಎಲ್ಲೆಂದರಲ್ಲಿ ಚದುರಿದಂತೆ ಕಳೆಯುತ್ತದೆ. ಏನೂ ಮಾಡದಿದ್ದರೆ ಪ್ರತಿ ಸೆಕೆಂಡಿಗೂ ನಾಲ್ಕೈದು ಪ್ಯಾಕೆಟ್ ಹೋಗುತ್ತವೆ. ಚಿತ್ರ ನೋಡುವ ಹಾಗೇ ಇರುವುದಿಲ್ಲ.

ಈಗ ಪ್ರತಿ 10 ಪ್ಯಾಕೆಟ್ಟಿಗೆ 1 ರಿಪೇರಿ ಪ್ಯಾಕೆಟ್ ಹಾಕೋಣ. ಹೊರೆ, ಅಂದರೆ ವಿಡಿಯೋದ ಮೇಲೆ ಹೆಚ್ಚುವರಿಯಾಗಿ ಕಳಿಸುವ ಪಾಲು, ಶೇಕಡಾ 10. ಹನ್ನೊಂದರಲ್ಲಿ ಎರಡು ಕಳೆದಾಗ ಮಾತ್ರ ಸೋಲು. ಆದರೂ ಸುಮಾರು 4 ಸೆಕೆಂಡಿಗೊಮ್ಮೆ ಒಂದು ಗುಂಪು ಸೋಲುತ್ತದೆ. ಸಾಲದು ಅಂತ ಹೊರೆಯನ್ನು ಎರಡರಷ್ಟು ಮಾಡಿ ಪ್ರತಿ 5ಕ್ಕೆ 1 ಹಾಕಿದರೆ? 7 ಸೆಕೆಂಡಿಗೊಮ್ಮೆ. ಇಷ್ಟೇನಾ ಅನಿಸುತ್ತದೆ.

ಹೊರೆಯನ್ನು ಮತ್ತೆ ಶೇಕಡಾ 10ಕ್ಕೇ ಇಳಿಸಿ, ಈ ಸಲ ಗುಂಪನ್ನು ದೊಡ್ಡದು ಮಾಡೋಣ. ರೀಡ್-ಸಾಲಮನ್ ಬಳಸಿ 20 ಪ್ಯಾಕೆಟ್ಟಿಗೆ 2 ರಿಪೇರಿ ಹಾಕಿದರೆ ಸೋಲು ಅರ್ಧ ನಿಮಿಷಕ್ಕೊಮ್ಮೆ. 100 ಪ್ಯಾಕೆಟ್ಟಿಗೆ 10 ರಿಪೇರಿ ಹಾಕಿದರೆ ನಾಲ್ಕು ತಿಂಗಳಿಗೂ ಜಾಸ್ತಿ ಸಮಯಕ್ಕೆ ಒಮ್ಮೆ. ಹೊರೆ ಒಂದು ಬಿಟ್ಟಿನಷ್ಟೂ ಹೆಚ್ಚಿಲ್ಲ. ನಾಲ್ಕು ಸೆಕೆಂಡ್ ಎಲ್ಲಿ, ನಾಲ್ಕು ತಿಂಗಳು ಎಲ್ಲಿ!

ಕಾರಣ ಸರಳ. ನೂರಕ್ಕೆ ಒಂದು ಎಂಬುದು ಸರಾಸರಿ. ಸಣ್ಣ ಗುಂಪಿನಲ್ಲಿ ಸರಾಸರಿಯಿಂದ ಆಚೀಚೆ ಆಗುವುದು ಸಾಮಾನ್ಯ, ಹನ್ನೊಂದರಲ್ಲಿ ಎರಡು ಹೋಗುವುದು ಅಪರೂಪವೇನಲ್ಲ. ನೂರ ಹತ್ತರಲ್ಲಿ ಹನ್ನೊಂದು ಹೋಗುವುದು ತೀರಾ ಅಪರೂಪ. ದೊಡ್ಡ ಗುಂಪಿನಲ್ಲಿ ರಿಪೇರಿ ಪ್ಯಾಕೆಟ್‌ಗಳು ಎಲ್ಲರ ಪಾಲಿನ ಸೊತ್ತು, ಎಲ್ಲಿ ಬೇಕೋ ಅಲ್ಲಿಗೆ ಒದಗುತ್ತವೆ.

ಇದಕ್ಕೆ ಕೊಡುವ ಬೆಲೆ ಸಮಯ. ಗುಂಪು ಮುಗಿದು ರಿಪೇರಿ ಪ್ಯಾಕೆಟ್‌ಗಳು ಬರುವವರೆಗೂ ಕಾಯಬೇಕು. 10ರ ಗುಂಪಿಗೆ 21 ಮಿಲಿಸೆಕೆಂಡ್, 100ರ ಗುಂಪಿಗೆ 210. ಈ ಬರಹದಿಂದ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎಫ್‌ಇಸಿಗೆ ಕೊಡುವ 100 ಮಿಲಿಸೆಕೆಂಡ್ ಹೆಚ್ಚು ಕಾಲ, ಅದಕ್ಕೆ ಕೊಡುವ ಇನ್ನೊಂದು ಶೇಕಡಾ 10ಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ. ಮೊದಲು ನಿಮ್ಮ ವಿಡಿಯೋ ಎಷ್ಟು ತಡ ತಾಳಿಕೊಳ್ಳುತ್ತದೆ ಎಂದು ಗಟ್ಟಿ ಮಾಡಿಕೊಳ್ಳಿ. ಅದರೊಳಗೆ ಹಿಡಿಯುವಷ್ಟು ದೊಡ್ಡ ಗುಂಪು ಇಡಿ. ಶೇಕಡಾ ಎಷ್ಟು ಎಂಬುದು ಆಮೇಲೆ.

ನಷ್ಟ ಒಂದೊಂದಾಗಿ ಬರುವುದಿಲ್ಲ

ಮೇಲಿನ ಲೆಕ್ಕದಲ್ಲಿ ಪ್ಯಾಕೆಟ್‌ಗಳು ಚದುರಿದಂತೆ ಕಳೆಯುತ್ತವೆ ಎಂದು ಹಿಡಿದಿದ್ದೆವು. ನಿಜವಾದ ನೆಟ್‌ವರ್ಕ್ ಅಷ್ಟು ಒಳ್ಳೆಯದಲ್ಲ. ವೈಫೈನಲ್ಲಿ ಪಕ್ಕದ ಸಾಧನ ಗದ್ದಲ ಮಾಡಿದಾಗ, ಮೊಬೈಲ್ ಒಂದು ಟವರಿನಿಂದ ಇನ್ನೊಂದಕ್ಕೆ ಜಾರುವಾಗ, ರೂಟರಿನ ಸಾಲು ತುಂಬಿ ತುಳುಕಿದಾಗ ಪ್ಯಾಕೆಟ್‌ಗಳು ಗೊಂಚಲು ಗೊಂಚಲಾಗಿ ಹೋಗುತ್ತವೆ. ಇದೇ ಬರ್ಸ್ಟ್. ಎಡ್ಗರ್ ಗಿಲ್ಬರ್ಟ್ 1960ರಲ್ಲೇ ಇದಕ್ಕೊಂದು ಮಾದರಿ ಕೊಟ್ಟಿದ್ದರು. ದಾರಿಗೆ ಎರಡು ಸ್ಥಿತಿ, ಒಂದು ಒಳ್ಳೆಯದು, ಒಂದು ಕೆಟ್ಟದು. ಕೆಟ್ಟ ಸ್ಥಿತಿಗೆ ಬಿದ್ದರೆ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. 1963ರಲ್ಲಿ ಎಲಿಯಟ್ ಅದನ್ನು ವಿಸ್ತರಿಸಿದರು. ಇವತ್ತಿಗೂ ನಷ್ಟವನ್ನು ನಕಲು ಮಾಡಿ ಪರೀಕ್ಷಿಸಲು ಆ ಮಾದರಿಯೇ ಬಳಕೆಯಲ್ಲಿದೆ.

ಬರ್ಸ್ಟ್ ಲೆಕ್ಕಕ್ಕೆ ಒಂದು ಸುಲಭ ಅಳತೆ ಇದೆ. ತುಂಬಬೇಕಾದ ಪ್ಯಾಕೆಟ್‌ಗಳಷ್ಟಾದರೂ ರಿಪೇರಿ ಪ್ಯಾಕೆಟ್ ಬೇಕೇ ಬೇಕು, ಯಾವ ಕೋಡ್ ಬಳಸಿದರೂ ಸರಿ. 50 ಮಿಲಿಸೆಕೆಂಡ್ ಸಂಪರ್ಕ ಕಡಿದರೆ ನಮ್ಮ ವಿಡಿಯೋದಲ್ಲಿ 24 ಪ್ಯಾಕೆಟ್ ಹೋಗುತ್ತವೆ. ಶೇಕಡಾ 10 ಹೊರೆಯಲ್ಲಿ 24 ರಿಪೇರಿ ಪ್ಯಾಕೆಟ್ ಸಿಗಬೇಕಾದರೆ ಗುಂಪಿನಲ್ಲಿ 240 ಪ್ಯಾಕೆಟ್ ಇರಬೇಕು. ಅದು ಅರ್ಧ ಸೆಕೆಂಡ್. ಅಂದರೆ ಕಡಿತದ ಅವಧಿಯನ್ನು ಹೊರೆಯ ಪಾಲಿನಿಂದ ಭಾಗಿಸಿದರೆ ಎಷ್ಟು ಬಫರ್ ಬೇಕು ಎಂದು ಸಿಗುತ್ತದೆ. 50ನ್ನು 0.1ರಿಂದ ಭಾಗಿಸಿದರೆ 500. 0.25ರಿಂದ ಭಾಗಿಸಿದರೆ 200. ಈ ಒಂದು ಭಾಗಾಕಾರ ಮಾಡಿ ನೋಡಿದರೆ, ಎಷ್ಟೋ ಆಸೆಗಳು ಆಗುವ ಮಾತಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ. 1 ಸೆಕೆಂಡ್ ಸಂಪರ್ಕ ಕಡಿಯುವ ದಾರಿಯಲ್ಲಿ, ಅರ್ಧ ಸೆಕೆಂಡ್ ತಡದಲ್ಲಿ, ಎಫ್‌ಇಸಿ ಏನೂ ಮಾಡಲಾರದು. ಅಲ್ಲಿ ಬೇಕಾದ್ದು ಇನ್ನೊಂದು ದಾರಿ. ಒಂದೇ ಸ್ಟ್ರೀಮನ್ನು ಎರಡು ಬೇರೆ ಬೇರೆ ದಾರಿಗಳಲ್ಲಿ ಕಳಿಸಿ, ಯಾವುದು ಸಿಕ್ಕಿತೋ ಅದನ್ನು ತೆಗೆದುಕೊಳ್ಳುವುದು.

ಸಾಲು ಮತ್ತು ಕಾಲಂ

ಗುಂಪು ದೊಡ್ಡದಿರಬೇಕು, ಆದರೆ ಲೆಕ್ಕ ಎಕ್ಸಾರ್‌ನಷ್ಟು ಹಗುರವಾಗಿರಬೇಕು. ಈ ಎರಡು ಆಸೆಗಳನ್ನು ಕೂಡಿಸುವ ಉಪಾಯವೇ ಚೌಕಳಿ. ಪ್ಯಾಕೆಟ್‌ಗಳನ್ನು ಬಂದ ಕ್ರಮದಲ್ಲಿ ಸಾಲು ಸಾಲಾಗಿ ಜೋಡಿಸಿ. ಸಾಲಿಗೆ 10, ಹೀಗೆ 10 ಸಾಲು. ಪ್ರತಿ ಸಾಲಿಗೂ ಒಂದು ರಿಪೇರಿ ಪ್ಯಾಕೆಟ್, ಪ್ರತಿ ಕಾಲಂಗೂ ಒಂದು. ಒಂದರ ಹಿಂದೆ ಒಂದರಂತೆ 10 ಪ್ಯಾಕೆಟ್ ಕಳೆದರೂ ಅವು ಹತ್ತು ಬೇರೆ ಬೇರೆ ಕಾಲಂಗಳಲ್ಲಿ ಇರುತ್ತವೆ. ಪ್ರತಿ ಕಾಲಂಗೆ ಒಂದೇ ನಷ್ಟ, ಎಲ್ಲವೂ ತುಂಬುತ್ತವೆ. ಇನ್ನೊಂದು ಸೊಗಸು ಏನೆಂದರೆ, ಇದು ಪದಬಂಧ ಬಿಡಿಸುವ ಹಾಗೆ ನಡೆಯುತ್ತದೆ. ಸಾಲಿನಲ್ಲಿ ಒಂದು ತುಂಬಿದರೆ ಅದರಿಂದ ಕಾಲಂ ಬಿಡಿಸಿಕೊಳ್ಳುತ್ತದೆ, ಆ ಕಾಲಂನಿಂದ ಇನ್ನೊಂದು ಸಾಲು. ಒಂದು ಆಯತದ ನಾಲ್ಕು ಮೂಲೆಗಳೂ ಕಳೆದರೆ ಗಂಟು ಬಿಡಿಸಲು ಆಗುವುದಿಲ್ಲ. ಹಾಗೆಯೇ ಒಂದು ಪ್ಯಾಕೆಟ್, ಅದರ ಸಾಲಿನ ರಿಪೇರಿ, ಅದರ ಕಾಲಂನ ರಿಪೇರಿ, ಮೂರೂ ಒಟ್ಟಿಗೆ ಹೋದರೂ ಅಷ್ಟೇ. ಚದುರಿದ ಶೇಕಡಾ 1 ನಷ್ಟದಲ್ಲಿ 10×10 ಚೌಕಳಿ ಸುಮಾರು ಅರ್ಧ ಗಂಟೆಗೊಮ್ಮೆ ಸೋಲುತ್ತದೆ. ಹೊರೆ ಶೇಕಡಾ 20. ರೀಡ್-ಸಾಲಮನ್ ಅರ್ಧ ಹೊರೆಯಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿತ್ತು, ನಿಜ. ಆದರೆ ಎಕ್ಸಾರ್ ಚೌಕಳಿಯನ್ನು ಎಂಥ ಸಣ್ಣ ಸಾಧನವೂ ಓಡಿಸಬಲ್ಲದು. ಹಾಗಾಗಿ ಪ್ರಸಾರ ಲೋಕದಲ್ಲಿ ಅದೇ ಬೇರೂರಿದೆ.

ಪ್ರೊ-ಎಂಪೆಗ್ ಎಂಬ ಉದ್ಯಮ ವೇದಿಕೆ ಇದನ್ನು ಮೊದಲು ಒಂದು ಸಂಹಿತೆಯಾಗಿ ಬರೆಯಿತು. 2007ರಲ್ಲಿ ಅದು ಎಸ್‌ಎಂಪಿಟಿಇ 2022-1 ಎಂಬ ಮಾನದಂಡವಾಯಿತು. ವಿಡಿಯೋ ಕುಗ್ಗಿಸಿ ಕಳಿಸುವ ಎನ್‌ಕೋಡರಿನ ಮೆನುವಿನಲ್ಲಿ ಎಲ್ ಮತ್ತು ಡಿ ಎಂಬ ಎರಡು ಪೆಟ್ಟಿಗೆ ಕಂಡರೆ ಅದು ಇದೇ. ಎಲ್ ಎಂದರೆ ಎಷ್ಟು ಕಾಲಂ, ಡಿ ಎಂದರೆ ಎಷ್ಟು ಸಾಲು. ಎರಡರ ಗುಣಲಬ್ಧ 100 ಮೀರುವಂತಿಲ್ಲ. ಕಾಲಂ ರಿಪೇರಿ ವಿಡಿಯೋದ ಪೋರ್ಟ್ ಸಂಖ್ಯೆಗೆ 2 ಕೂಡಿಸಿದ ಪೋರ್ಟಿನಲ್ಲಿ ಹೋಗುತ್ತದೆ, ಸಾಲಿನ ರಿಪೇರಿ 4 ಕೂಡಿಸಿದ್ದರಲ್ಲಿ. ಫೈರ್‌ವಾಲ್‌ನಲ್ಲಿ ವಿಡಿಯೋ ಪೋರ್ಟ್ ಮಾತ್ರ ತೆರೆದು ಈ ಎರಡನ್ನು ಮರೆಯುವುದು ತುಂಬ ಸಾಮಾನ್ಯ. ವಿಡಿಯೋ ಬರುತ್ತದೆ, ರಿಪೇರಿ ಬರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಎಲ್ ಮತ್ತು ಡಿಗಳ ಅರ್ಥ ಕೈವಶವಾದರೆ ಮಿಕ್ಕಿದ್ದು ಸುಲಭ. ಎಲ್ ಹೆಚ್ಚಿಸಿದರೆ ಉದ್ದದ ಬರ್ಸ್ಟ್ ತಡೆಯಬಹುದು. ಡಿ ಹೆಚ್ಚಿಸಿದರೆ ಕಾಲಂ ರಿಪೇರಿಯ ಹೊರೆ ಇಳಿಯುತ್ತದೆ, ಏಕೆಂದರೆ ಒಂದು ರಿಪೇರಿ ಪ್ಯಾಕೆಟ್ ಅಷ್ಟು ಹೆಚ್ಚು ಪ್ಯಾಕೆಟ್‌ಗಳನ್ನು ಕಾಯುತ್ತದೆ. ಎರಡರ ಗುಣಲಬ್ಧ ಹೆಚ್ಚಿದಷ್ಟೂ ಕಾಯುವ ಹೊತ್ತು ಹೆಚ್ಚು.

ಎಸ್‌ಆರ್‌ಟಿಯಲ್ಲಿ ಹೊಂದಿಸಿ ನೋಡೋಣ

2017ರಲ್ಲಿ ಎಲ್ಲರಿಗೂ ಮುಕ್ತವಾದ ಎಸ್‌ಆರ್‌ಟಿ ಎಂಬ ವಿಡಿಯೋ ಸಾಗಣೆ ವಿಧಾನ ಇವತ್ತು ಲೈವ್ ಫೀಡ್‌ಗಳಿಗೆ ಬಹಳ ಬಳಕೆಯಲ್ಲಿದೆ. ಅದರ ಮೂಲ ಬಲ ಮತ್ತೆ ಕೇಳಿ ಪಡೆಯುವುದು. ಎಫ್‌ಇಸಿಯನ್ನು ಪ್ಯಾಕೆಟ್ ಫಿಲ್ಟರ್ ಎಂಬ ಆಯ್ಕೆಯಲ್ಲಿ ಕೊಡಬೇಕು. ಅಲ್ಲಿ ಕಾಲ್ಸ್ (ಎಷ್ಟು ಕಾಲಂ), ರೋಸ್ (ಎಷ್ಟು ಸಾಲು), ಲೇಔಟ್ (ಜೋಡಣೆ), ಎಆರ್‌ಕ್ಯು ಎಂಬ ನಾಲ್ಕು ಸಂಗತಿ ಬರೆಯುತ್ತೇವೆ.

ಒಂದು ಮೊಬೈಲ್ ಸಂಪರ್ಕ ಅಳೆದಿದ್ದೀರಿ. ಆರ್‌ಟಿಟಿ 80 ಮಿಲಿಸೆಕೆಂಡ್, ನಷ್ಟ ಶೇಕಡಾ 1ರ ಆಸುಪಾಸು. ಗೊಂಚಲುಗಳು ಹೆಚ್ಚಾಗಿ 8 ಪ್ಯಾಕೆಟ್ಟಿನೊಳಗೆ, ಎಲ್ಲೋ ಒಮ್ಮೊಮ್ಮೆ 15. ಆಗ ಕಾಲ್ಸ್ 10, ರೋಸ್ 10 ಇಡಬಹುದು. ದಿನನಿತ್ಯದ ಗೊಂಚಲು ಎಫ್‌ಇಸಿಯಲ್ಲೇ ಮುಚ್ಚುತ್ತದೆ. 15ರದ್ದಕ್ಕೆ ಎಆರ್‌ಕ್ಯು ಇದೆ. ಎಆರ್‌ಕ್ಯು ಜಾಗದಲ್ಲಿ ಆನ್‌ರೆಕ್ (onreq) ಎಂದು ಕೊಟ್ಟರೆ, ಎಫ್‌ಇಸಿಗೆ ತುಂಬಲಾಗದ ಪ್ಯಾಕೆಟ್‌ಗಳನ್ನು ಮಾತ್ರ ಮತ್ತೆ ಕೇಳುತ್ತದೆ. ಆಲ್ವೇಸ್ ಎಂದರೆ ಎಫ್‌ಇಸಿಗೆ ಕಾಯದೆ ಕಳೆದದ್ದನ್ನೆಲ್ಲ ಕೇಳುತ್ತದೆ. ನೆವರ್ ಎಂದರೆ ಕೇಳುವುದೇ ಇಲ್ಲ. ಲೇಔಟ್ ಜಾಗದಲ್ಲಿ ಸ್ಟೇರ್‌ಕೇಸ್ ಇರಲಿ. ಇಲ್ಲದಿದ್ದರೆ ಚೌಕಳಿಯ ಕೊನೆಯಲ್ಲಿ ಎಲ್ಲ ಕಾಲಂಗಳ ರಿಪೇರಿ ಪ್ಯಾಕೆಟ್‌ಗಳೂ ಒಮ್ಮೆಲೇ ನುಗ್ಗುತ್ತವೆ. ಮೆಟ್ಟಿಲಿನಂತೆ ಜೋಡಿಸಿದರೆ ಅವು ಹಂಚಿಕೊಂಡು ಬರುತ್ತವೆ.

ಇನ್ನು ಲೇಟೆನ್ಸಿ, ಅಂದರೆ ತೋರಿಸುವ ಮೊದಲು ಬಫರಿನಲ್ಲಿ ಕಾಯುವ ಹೊತ್ತು. ಇಲ್ಲೇ ಬಹಳ ಜನ ಎಡವುವುದು. ಎಸ್‌ಆರ್‌ಟಿಯಲ್ಲಿ ಏನೂ ಬದಲಿಸದಿದ್ದರೆ ಅದು 120 ಮಿಲಿಸೆಕೆಂಡ್. ನಮ್ಮ ಚೌಕಳಿ ತುಂಬಲು 210 ಮಿಲಿಸೆಕೆಂಡ್ ಬೇಕು. ಮೊದಲ ಸಾಲಿನಲ್ಲಿ ಕಳೆದ ಪ್ಯಾಕೆಟ್ಟಿಗೆ ಕಾಲಂ ರಿಪೇರಿ ಬರುವಷ್ಟರಲ್ಲಿ ಅದನ್ನು ತೋರಿಸುವ ಹೊತ್ತು ಮುಗಿದಿರುತ್ತದೆ. ಕಾಲಂ ರಿಪೇರಿಗೆ ಕೊಟ್ಟ ಶೇಕಡಾ 10 ಹೆಚ್ಚುಕಡಿಮೆ ನೀರಿಗೆ ಹಾಕಿದ ಹಾಗೆ. ಆನ್‌ರೆಕ್ ಇದ್ದರೆ ಇನ್ನೂ ಸಮಯ ಬೇಕು. ಮೊದಲು ಎಫ್‌ಇಸಿ ಸೋಲಬೇಕು, ಆಮೇಲೆ ಕೇಳಬೇಕು, ಆಮೇಲೆ ಬರಬೇಕು. ಚೌಕಳಿಗೆ 210, ಕೇಳಿ ಪಡೆಯಲು ಆರ್‌ಟಿಟಿಯ ಮೂರು ಪಟ್ಟು 240. ಒಟ್ಟು 450. ಸ್ವಲ್ಪ ಕೈಬಿಚ್ಚಿ 500 ಕೊಡುವುದು ಕ್ಷೇಮ.

ಈ 210 ಎಂಬ ಅಂಕಿ ಗಟ್ಟಿಯಾಗಿ ನಿಲ್ಲುವುದೂ ಇಲ್ಲ. ಚೌಕಳಿಯನ್ನು ಪ್ಯಾಕೆಟ್‌ಗಳಲ್ಲಿ ಅಳೆಯುತ್ತೇವೆ, ಲೇಟೆನ್ಸಿಯನ್ನು ಸಮಯದಲ್ಲಿ. ನೆಟ್‌ವರ್ಕ್ ಸೊರಗಿದಾಗ ಎನ್‌ಕೋಡರ್ ತಾನಾಗಿ 5 ಎಂಬಿಪಿಎಸ್‌ನಿಂದ 1ಕ್ಕೆ ಇಳಿದರೆ, ಸೆಕೆಂಡಿಗೆ 95 ಪ್ಯಾಕೆಟ್ ಮಾತ್ರ ಹೋಗುತ್ತವೆ. ಅದೇ 10×10 ಚೌಕಳಿ ತುಂಬಲು ಈಗ 1 ಸೆಕೆಂಡಿಗೂ ಜಾಸ್ತಿ ಬೇಕು. ಎಫ್‌ಇಸಿ ಬಹಳ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಬಿಟ್‌ರೇಟ್ ಏರಿಳಿಯುವ ಕಡೆ ಅತಿ ಕಡಿಮೆ ಬಿಟ್‌ರೇಟಿಗೆ ಲೆಕ್ಕ ಹಾಕಿ ಚೌಕಳಿ ಇಡಬೇಕು.

ತುಂಬಿದ ಪೈಪಿಗೆ ಇನ್ನಷ್ಟು ಸುರಿಯಬೇಡಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ. ಪ್ಯಾಕೆಟ್ ಏಕೆ ಕಳೆಯುತ್ತಿದೆ ಎಂದು ತಿಳಿಯದೆ ಎಫ್‌ಇಸಿ ಹಾಕಬಾರದು. ನಾನೂ ಒಮ್ಮೆ, ಲೈವ್ ಫೀಡ್ ಒಡೆಯುತ್ತಿದ್ದಾಗ, ಹೊರೆಯನ್ನು 10ರಿಂದ 20ಕ್ಕೆ ಏರಿಸಿದೆ. ಚಿತ್ರ ಇನ್ನೂ ಕೆಟ್ಟಿತು. 25ಕ್ಕೆ ಏರಿಸಿದೆ, ಪೂರ್ತಿ ನಿಂತೇ ಹೋಯಿತು. ಆ ದಾರಿಯ ಸಾಮರ್ಥ್ಯವೇ 6 ಎಂಬಿಪಿಎಸ್ ಇತ್ತು. 5 ಎಂಬಿಪಿಎಸ್ ವಿಡಿಯೋಗೆ ಶೇಕಡಾ 20 ಸೇರಿಸಿದರೆ ಅಷ್ಟಕ್ಕೇ 6. ಪ್ರತಿ ಪ್ಯಾಕೆಟ್ಟಿನ ವಿಳಾಸ ಹೊರುವ ಹೆಡರ್‌ಗಳಿಗೆ ಜಾಗವಿಲ್ಲ. ರೂಟರ್ ತುಂಬಿ ಚೆಲ್ಲುತ್ತಿತ್ತು, ನಾನು ಮೇಲಿಂದ ಇನ್ನಷ್ಟು ಸುರಿಯುತ್ತಿದ್ದೆ. ವಿಡಿಯೋವನ್ನು 4ಕ್ಕೆ ಇಳಿಸಿದ ಕೂಡಲೇ ನಷ್ಟ ಹೆಚ್ಚುಕಡಿಮೆ ಮಾಯವಾಯಿತು.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ದಟ್ಟಣೆಯಿಂದ ಆಗುವ ನಷ್ಟಕ್ಕೆ ಮುಂಚೆ ಸಾಮಾನ್ಯವಾಗಿ ಆರ್‌ಟಿಟಿ ಏರುತ್ತದೆ, ಸಾಲು ತುಂಬುತ್ತಾ ಬರುವುದರಿಂದ. ರೇಡಿಯೋ ಗದ್ದಲದ ನಷ್ಟದಲ್ಲಿ ಆ ರೀತಿಯ ಮುನ್ಸೂಚನೆ ಅಷ್ಟಾಗಿ ಇರುವುದಿಲ್ಲ. ಇನ್ನೂ ನೇರವಾದ ಪರೀಕ್ಷೆ ಬೇಕಾದರೆ ಬಿಟ್‌ರೇಟನ್ನು ಅರ್ಧ ಮಾಡಿ ನೋಡಿ. ನಷ್ಟ ನಿಂತರೆ ಅದು ದಟ್ಟಣೆ, ಅದಕ್ಕೆ ಮದ್ದು ಬಿಟ್‌ರೇಟ್ ಇಳಿಸುವುದು. ಅರ್ಧ ಮಾಡಿದರೂ ಅದೇ ಪ್ರಮಾಣದಲ್ಲಿ ಕಳೆಯುತ್ತಿದ್ದರೆ ಎಫ್‌ಇಸಿಗೆ ಕೆಲಸ ಇದೆ. ಆಗಲೂ ಎಫ್‌ಇಸಿಯನ್ನು ವಿಡಿಯೋದ ಮೇಲೆ ಹೇರುವುದಲ್ಲ. ದಾರಿ ನಿಜವಾಗಿ ಕೊಡುವ ಸಾಮರ್ಥ್ಯದಲ್ಲಿ ಮೊದಲು ಎಫ್‌ಇಸಿಯ ಪಾಲು ತೆಗೆದಿಟ್ಟು, ಉಳಿದದ್ದನ್ನು ವಿಡಿಯೋಗೆ ಕೊಡಬೇಕು.

ಎಲ್ಲಕ್ಕೂ ಒಂದೇ ಸಮ ರಕ್ಷಣೆ ಕೊಡಬೇಕೆಂದೂ ಇಲ್ಲ. ಚಿತ್ರ ಒಂದು ಕ್ಷಣ ಒಡೆದರೆ ಜನ ತಾಳಿಕೊಳ್ಳುತ್ತಾರೆ, ಮಾತು ತುಂಡಾದರೆ ತಾಳುವುದಿಲ್ಲ. ಧ್ವನಿ ತಿನ್ನುವ ಬ್ಯಾಂಡ್‌ವಿಡ್ತ್ ವಿಡಿಯೋದ ಮುಂದೆ ಏನೇನೂ ಅಲ್ಲ. ಅದನ್ನು ಧಾರಾಳವಾಗಿ ಕಾಯಬಹುದು. ವಿಡಿಯೋ ಕರೆಗಳಲ್ಲಿ ಬಳಕೆಯಾಗುವ ಓಪಸ್ ಕೋಡೆಕ್, ಹಿಂದಿನ ತುಣುಕಿನ ಕಡಿಮೆ ಗುಣಮಟ್ಟದ ಪ್ರತಿಯನ್ನು ಮುಂದಿನ ಪ್ಯಾಕೆಟ್ಟಿನಲ್ಲಿ ಕಟ್ಟಿ ಕಳಿಸಬಲ್ಲದು. ಬ್ರೌಸರಿನಲ್ಲೇ ವಿಡಿಯೋ ಕರೆ ನಡೆಸುವ ವೆಬ್‌ಆರ್‌ಟಿಸಿಯಲ್ಲಿ ಕೆಲಸ ಮಾಡುವವರು ಅದನ್ನು ಆನ್ ಮಾಡಿ ನೋಡಬೇಕು.

ಪರೀಕ್ಷೆ ಮಾಡುವಾಗ

ಅಳೆಯಲು ಪಿಂಗ್ ಸಾಲದು. ಅದು ಸೆಕೆಂಡಿಗೆ ಒಂದೇ ಸಲ ಇಣುಕುತ್ತದೆ. 20 ಮಿಲಿಸೆಕೆಂಡಿನ ಗೊಂಚಲು ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೆಟ್‌ವರ್ಕ್ ಅಳೆಯುವ ಐಪರ್ಫ್3ರಲ್ಲಿ ಯುಡಿಪಿ ಆಯ್ಕೆ ಮಾಡಿ, ವಿಡಿಯೋದಷ್ಟೇ ಬಿಟ್‌ರೇಟಿನಲ್ಲಿ, 1,316 ಬೈಟಿನ ಪ್ಯಾಕೆಟ್‌ಗಳನ್ನು ಕೆಲವು ನಿಮಿಷ ಕಳಿಸಿ. ಇನ್ನೂ ಒಳ್ಳೆಯದು ನಿಜವಾದ ಸ್ಟ್ರೀಮನ್ನೇ ಪ್ಯಾಕೆಟ್‌ಗಳನ್ನು ದಾಖಲಿಸುವ ವೈರ್‌ಶಾರ್ಕ್‌ನಲ್ಲಿ ಹಿಡಿದು, ಕ್ರಮಸಂಖ್ಯೆಗಳ ನಡುವಿನ ಅಂತರ ಎಣಿಸುವುದು. ಒಟ್ಟು ನಷ್ಟ ಎಷ್ಟು ಶೇಕಡಾ ಎಂಬುದಕ್ಕಿಂತ, ಒಂದರ ಹಿಂದೆ ಒಂದು ಎಷ್ಟು ಹೋದವು, ಎಷ್ಟು ಸಲ ಹೋದವು ಎಂಬ ಪಟ್ಟಿ ನಮಗೆ ಬೇಕು.

ಮೇಜಿನ ಮೇಲೆ ಪರೀಕ್ಷಿಸಲು ಲಿನಕ್ಸ್‌ನ ನೆಟ್‌ಎಮ್ ಇದೆ. ಅದರಲ್ಲಿ ಸುಮ್ನೆ ನಷ್ಟ ಶೇಕಡಾ 1 ಎಂದು ಕೊಟ್ಟರೆ ಚದುರಿದ ನಷ್ಟ ಬರುತ್ತದೆ. ಆ ಪರೀಕ್ಷೆಯಲ್ಲಿ ಎಷ್ಟೋ ಹೊಂದಿಕೆಗಳು ಚೆನ್ನಾಗಿಯೇ ಕಾಣುತ್ತವೆ, ಆಮೇಲೆ ಹೊರಗೆ ಹೋದಾಗ ಸೋಲುತ್ತವೆ. ಗಿಲ್ಬರ್ಟ್-ಎಲಿಯಟ್ ಮಾದರಿಯ ಆಯ್ಕೆಯೂ ಅದರಲ್ಲೇ ಇದೆ. ನೀವು ಅಳೆದ ಗೊಂಚಲಿನ ಉದ್ದ ಅದಕ್ಕೆ ಕೊಟ್ಟು ನೋಡಿ.

ಓಡಲು ಶುರುವಾದ ಮೇಲೆ ಎಸ್‌ಆರ್‌ಟಿಯ ಅಂಕಿಅಂಶಗಳಲ್ಲಿ ಮೂರು ಸಂಖ್ಯೆಗಳ ಮೇಲೆ ಕಣ್ಣಿಡಿ: ಎಫ್‌ಇಸಿ ತುಂಬಿಕೊಟ್ಟ ಪ್ಯಾಕೆಟ್‌ಗಳು, ಎಫ್‌ಇಸಿಗೆ ತುಂಬಲಾಗದೆ ಉಳಿದವು, ಹೊತ್ತು ಮೀರಿತೆಂದು ಕೈಬಿಟ್ಟವು. ಮೊದಲನೆಯದು ಏರುತ್ತಾ ಉಳಿದೆರಡು ಸುಮ್ಮನಿದ್ದರೆ ಹೊಂದಿಕೆ ಸರಿಯಾಗಿದೆ. ಎರಡನೆಯದು ಏರುತ್ತಿದ್ದರೆ ಗೊಂಚಲು ನಿಮ್ಮ ಕಾಲಂಗಳಿಗಿಂತ ಉದ್ದವಿದೆ, ಕಾಲಂ ಹೆಚ್ಚಿಸಬೇಕು. ಮೂರನೆಯದು ಏರುತ್ತಿದ್ದರೆ ಚೌಕಳಿಗೆ ಬೇಕಾದಷ್ಟು ಲೇಟೆನ್ಸಿ ಕೊಟ್ಟಿಲ್ಲ. ಮೂರೂ ಗಂಟೆಗಟ್ಟಲೆ ಸೊನ್ನೆಯಲ್ಲೇ ನಿಂತಿದ್ದರೆ ಆ ದಾರಿಗೆ ಎಫ್‌ಇಸಿ ಬೇಕಾಗಿಲ್ಲ. ಅದನ್ನು ತೆಗೆದು, ಆ ಶೇಕಡಾ 20ನ್ನು ಚಿತ್ರದ ಗುಣಮಟ್ಟಕ್ಕೆ ಕೊಡಿ.